ಎರಿಭೂತದ ಪುಟ

ಹೋಟಗಿಯ ರೂಪಾಲಿಯ ಕೈ ಸುಮ್ಮನಿದ್ದದ್ದನ್ನು ಕಂಡವರಿಲ್ಲ. ಊಟಕ್ಕೆ ಕೂತರೆ ತಾಟಿನ ಅಂಚಿಗೆ ಬೆರಳಿನಿಂದ ಗೆರೆ ಎಳೆಯುತ್ತಾಳೆ. ಬಸ್ಸಿನಲ್ಲಿ ಕೂತರೆ ಟಿಕೆಟನ್ನು ಮಡಚಿ ಮಡಚಿ ದೋಣಿ ಮಾಡುತ್ತಾಳೆ, ಕಂಡಕ್ಟರ್ ಕೇಳಿದಾಗ ದೋಣಿ ಬಿಚ್ಚಿ ತೋರಿಸುತ್ತಾಳೆ. ಸತ್ತವರ ಮನೆಗೆ ಮಾತನಾಡಿಸಲು ಹೋದರೂ ಅಲ್ಲಿಯ ಚಾಪೆಯ ಬಿಚ್ಚಿದ ಎಳೆ ಹೆಣೆದು ಎದ್ದು ಬರುತ್ತಾಳೆ. "ದೇವ್ರು ಇಕಿ ಕೈಗೆ ಬ್ರೇಕ್ ಹಚ್ಚೂದು ಮರತಾನ" ಎಂದು ಗಂಡ ಕೈಲಾಸ ನಗುತ್ತಾನೆ. ರೈಲ್ವೆಯ ಕೀಮ್ಯಾನ್ ಅವನು, ದಿನಾ ಹೆಗಲ ಮೇಲೆ ಸುತ್ತಿಗೆ ಇಟ್ಟುಕೊಂಡು ಹಳಿ ನೋಡುತ್ತ ನಡೆಯುವವನು. ಅವನಿಗೆ ಎಲ್ಲದರಲ್ಲೂ ಬ್ರೇಕಿನದೇ ಚಿಂತೆ.

ಈ ಕೈ ಹಿಂದೆ ಅನ್ನ ಕೊಟ್ಟದ್ದೂ ಉಂಟು. ಮದುವೆಗೆ ಮುಂಚೆ ರೂಪಾಲಿ ಸೋಲಾಪುರದಲ್ಲಿ ಚಾದರದ ಡಿಸೈನು ಬರೆಯುವ ಸಣ್ಣ ಅಂಗಡಿಯೊಂದರಲ್ಲಿ ನಾಲ್ಕು ವರ್ಷ ದುಡಿದಳು. ಚೌಕುಳಿ ಕಾಗದದ ಮೇಲೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ ನವಿಲನ್ನೋ ಕಮಲವನ್ನೋ ನಿಲ್ಲಿಸಬೇಕು. ಮಗ್ಗ ಅದರಂತೆಯೇ ನೇಯುತ್ತದೆ. ಒಂದು ಚೌಕ ತಪ್ಪಿದರೆ ಸಾವಿರ ಚಾದರದ ಮೇಲೆ ಸಾವಿರ ನವಿಲು ಕುಂಟುತ್ತವೆ. ಹಾಗಾಗಿ ಅಲ್ಲಿಂದ ಅವಳು ಎರಡು ವಿದ್ಯೆ ಕಲಿತು ಬಂದಳು. ಒಂದು, ಚಿತ್ರ ತೆಗೆಯುವುದು. ಇನ್ನೊಂದು, ತಪ್ಪು ಕಂಡ ಕೂಡಲೇ ಅಳಿಸುವುದು. ಮೊದಲನೆಯದರಿಂದ ಮಗಳಿಗೆ ಒಳ್ಳೆಯದಾಯಿತು. ಎರಡನೆಯದು ಏನು ಮಾಡಿತು ಎಂಬುದೇ ಕಥೆ.

ಮಗಳು ಶ್ರದ್ಧಾ, ಒಂಬತ್ತು ವರ್ಷದವಳು. ಮನೆಯಲ್ಲಿ ಅರಳು ಹುರಿದಂತೆ ಮಾತು, ಎಲ್ಲವೂ ಕನ್ನಡ. ಶಾಲೆ ಮಾತ್ರ ಮರಾಠಿ. ಅಲ್ಲಿ ಒಂದು ದಿನ ಹೊಸ ಶಿಕ್ಷಕಿ ಬಾಯಿಯವರು ಗೋಡೆಯ ಚಾರ್ಟಿನಲ್ಲಿದ್ದ ಹಲ್ಲಿಯ ಮೇಲೆ ಕೋಲಿಟ್ಟು ಇದೇನೆಂದು ಕೇಳಿದರು. ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಶ್ರದ್ಧಾ. "ಹಲ್ಲಿ!" ಎಂದಳು. ಮರಾಠಿಯಲ್ಲಿ ಹಲ್ಲಿ ಎಂದರೆ ಇತ್ತೀಚೆಗೆ ಎಂದರ್ಥ. "ಹಲ್ಲೀ ಕಾಯ್?" ಎಂದರು ಬಾಯಿಯವರು, ಇತ್ತೀಚೆಗೆ ಏನಾಯ್ತಮ್ಮಾ ಎಂಬಂತೆ. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಂದಿನಿಂದ ಹುಡುಗಿಯ ಹೆಸರೇ 'ಹಲ್ಲೀ ಕಾಯ್' ಆಯಿತು. ಅವಳು ಶಾಲೆಯಲ್ಲಿ ಬಾಯಿ ಮುಚ್ಚಿದವಳು ಎಂಟು ತಿಂಗಳು ತೆರೆಯಲಿಲ್ಲ. ಪೆಟ್ಟು ಬಿದ್ದರೂ ಇಲ್ಲ, ಚಾಕಲೇಟು ಕೊಟ್ಟರೂ ಇಲ್ಲ. ಹುಡುಗಿ ಮೂಕಿಯೇನು ಎಂದು ಮನೆಗೆ ಹೇಳಿ ಕಳಿಸಿದರು. ರೂಪಾಲಿ ಹೋಗಿ ಮಗಳ ಪಾಟೀಚೀಲ ಎತ್ತಿಕೊಂಡು ಬಂದುಬಿಟ್ಟಳು.

"ಸಾಲಿ ಬಿಡಿಸಿ ಮನ್ಯಾಗ ಕುಂಡ್ರಸ್ತಿಯೇನು? ಮಂದಿ ಏನಂದಾರು?" ಎಂದ ಕೈಲಾಸ.

"ಮಂದಿ ಬಂದು ಆಕಿ ಬಾಯಿ ತೆರಸ್ಯಾರೇನು? ನಾ ಕಲಸ್ತೀನಿ. ಮನಿ ಸಾಲಿ."

ಮೂರು ದಿನ ಜಗಳವಾಗಿ ನಾಲ್ಕನೆಯ ದಿನ ಒಪ್ಪಂದವಾಯಿತು. ಒಂದು ವರ್ಷ. ಮಾರ್ಚಿನಲ್ಲಿ ಸೋಲಾಪುರದಲ್ಲಿ ಮುಕ್ತ ಶಾಲೆಯ ತೋಂಡಿ ಪರೀಕ್ಷೆ. ಮಗು ತಾನು ಮಾಡಿದ ನಿಸರ್ಗದ ಪುಸ್ತಕ ಹಿಡಿದುಕೊಂಡು ಹೋಗಿ ಪರೀಕ್ಷಕರಿಗೆ ತನ್ನ ಬಾಯಿಂದ ವಿವರಿಸಬೇಕು. ಮಾತಾಡಿದರೆ ಶ್ರದ್ಧಾ ಮನೆಯಲ್ಲೇ ಕಲಿಯಲಿ. ಮಾತಾಡದಿದ್ದರೆ ಸೋಲಾಪುರದ ವಸತಿ ಶಾಲೆ. ಕೈಲಾಸನ ಅಣ್ಣ ಸಿದ್ಧರಾಮ ಆಗಲೇ ಒಂದು ಸೀಟು ಹೇಳಿಟ್ಟಿದ್ದ. ಕೈಲಾಸ ಕೆಟ್ಟವನಲ್ಲ. ಮಗಳು ಹೊರಗಿನವರೆದುರು ಜನ್ಮವಿಡೀ ಹೀಗೇ ಉಳಿದರೆ ಎಂಬ ಭಯ ಅವನಿಗೆ. ಭಯ ಬಿದ್ದ ಗಂಡಸರು ಹಾಸ್ಟೆಲ್ಲನ್ನೇ ನೆನೆಯುತ್ತಾರೆ.

ರೂಪಾಲಿ ಮೊಬೈಲು ಹಿಡಿದು ಮನೆಯಲ್ಲೇ ಮಕ್ಕಳನ್ನು ಓದಿಸುವ ಪುಣೆಯ ತಾಯಂದಿರ ಗುಂಪೊಂದನ್ನು ಸೇರಿದಳು. ಅವರು ಮೊಬೈಲಿಗೇ ಪುಸ್ತಕ ಕಳಿಸಿದರು. ಆಹಾ, ಏನು ಚಿತ್ರ, ಏನು ಬಣ್ಣ! ಎದೆ ಕೆಂಪಾದ ವಿಲಾಯತಿ ಹಕ್ಕಿ, ಓಕ್ ಮರದ ಕಾಯಿ, ಕೊನೆಗೊಂದು ಚಟುವಟಿಕೆ: ಹಿಮದಲ್ಲಿ ಮೊಲದ ಹೆಜ್ಜೆ ಹುಡುಕಿರಿ. ಹೋಟಗಿಯಲ್ಲಿ ಹಿಮ ಬೀಳಬೇಕಾದರೆ ಮೊದಲು ಯಮನಿಗೆ ಥಂಡಿ ಹತ್ತಬೇಕು. ಅವಳು ಅದನ್ನೆಲ್ಲ ಅಳಿಸಿ ಹಾಕಿದಳು, ಅಕ್ಕಲಕೋಟೆಗೆ ಹೋಗಿ ದಪ್ಪ ಹಾಳೆಯ ಕಟ್ಟು ತಂದಳು, ತಾನೇ ಪುಸ್ತಕ ಹೊಲಿದಳು. ಇಪ್ಪತ್ತನಾಲ್ಕು ಪುಟ. ಪ್ರತಿ ಪುಟಕ್ಕೊಂದು ಮರಾಠಿ ತಲೆಬರಹ, ಮಗಳ ಚಿತ್ರಕ್ಕೊಂದು ಖಾಲಿ ಚೌಕಟ್ಟು, ಕೆಳಗೊಂದು ಕೆಲಸ. ಬೆಲ್ಲದ ಹರಳಿಟ್ಟು ಇರುವೆ ಸಾಲು ಎಣಿಸುವುದು. ಜಾಲಿಯ ಟೊಂಗೆಗೆ ದಾರ ಕಟ್ಟಿ ತಿಂಗಳಿಗೆ ಎಷ್ಟು ಬೆಳೆಯಿತು ಅಳೆಯುವುದು. ಅಂಗಳದಲ್ಲಿ ಬೂದಿ ಹರವಿ ಮುಂಜಾನೆ ಅದರಲ್ಲಿ ಯಾರ ಯಾರ ಹೆಜ್ಜೆ ಮೂಡಿದೆ ನೋಡುವುದು. ಕಾಗೆ, ಗೊರವಂಕ, ಕೋಳಿ, ಎಲ್ಲವುಗಳ ಹೆಜ್ಜೆ ಬರೆದುಕೊಂಡು ರೂಪಾಲಿ ಅಡಿಗೆರೆ ಹಾಕಿ ನಿಯಮ ಬರೆಸಿದಳು: ಹಕ್ಕಿಯ ಕಾಲಿಗೆ ಮುಂದೆ ಮೂರು ಬೆರಳು, ಹಿಂದೆ ಒಂದು.

ಹುಡುಗಿ ಚಿಗುರಿದಳು. ಅಪ್ಪನ ಜತೆ ಹಳಿಯ ಗುಂಟ ನಡೆದು ಟಿಟ್ಟಿಭದ ಮೊಟ್ಟೆ ಕಂಡು ಬಂದಳು. ಆದರೆ ತಾಯಿಯ ಕೈಗೆ ಬ್ರೇಕಿಲ್ಲವಲ್ಲ! ಮಗಳ ಗುಬ್ಬಿಯ ಬಾಲ ಸೊಟ್ಟಗಿದ್ದರೆ ಅವಳು ಆಡಲು ಹೋದಾಗ ರಬ್ಬರು ತೆಗೆದುಕೊಂಡು ನೆಟ್ಟಗೆ ಮಾಡುತ್ತಿದ್ದಳು. "ನನ್ನ ಗುಬ್ಬಿ ಹಿಂಗಿರಲಿಲ್ಲ" ಎನ್ನುತ್ತಿದ್ದಳು ಶ್ರದ್ಧಾ. "ಹಿಂಗ ಛಂದ ಕಾಣ್ತದ ಬಿಡು" ಎನ್ನುತ್ತಿದ್ದಳು ತಾಯಿ. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಕೊನೆಯ ಪುಟದ ಚೌಕಟ್ಟು ಮಾತ್ರ ಖಾಲಿ ಉಳಿಯಿತು. ಅದರ ತಲೆಬರಹ 'ಮಾಳಢೋಕ'. ಸೋಲಾಪುರದ ಉತ್ತರಕ್ಕೆ ನಾನ್ನಜದ ಹುಲ್ಲುಗಾವಲಿನಲ್ಲಿ ಅದೊಂದು ದೊಡ್ಡ ಹಕ್ಕಿ ಇದೆ, ಈಗ ಕಾಣುವುದೇ ಅಪರೂಪ ಎಂದು ರೂಪಾಲಿ ಮರಾಠಿ ಶಾಲೆಯ ಪಾಠದಲ್ಲಿ ಓದಿದ್ದಳು, ಹೆಸರೊಂದೇ ನೆನಪು. ಕಣ್ಣಾರೆ ಕಾಣದ್ದನ್ನು ಬರೆಯಬಾರದು, ಫೋಟೋ ನೋಡಿ ನಕಲು ಮಾಡಬಾರದು ಎಂಬುದು ಆ ಮನೆ ಶಾಲೆಯ ಕಾಯಿದೆ. ಖಾಲಿ ಚೌಕಟ್ಟು ರೂಪಾಲಿಯನ್ನು ಕಾಡತೊಡಗಿತು. ಚೌಕ ಖಾಲಿ ಬಿಟ್ಟು ಅವಳಿಗೆ ಗೊತ್ತೇ ಇರಲಿಲ್ಲ.

ದೀಪಾವಳಿಗೆ ಶ್ರದ್ಧಾ ಕರಜಗಿಗೆ ಹೋದಳು. ಅಲ್ಲಿ ಕೈಲಾಸನ ಸೋದರತ್ತೆ ಬೀರವ್ವನ ಮನೆ, ಮನೆ ತುಂಬ ಮಂದಿ, ಕೊಟ್ಟಿಗೆ ತುಂಬ ಕುರಿ. ಬೀರವ್ವನಿಗೆ ಎಪ್ಪತ್ತು ದಾಟಿದೆ, ಈಗಲೂ ಕುರಿಯ ಹಿಂದೆ ಹೋಗುತ್ತಾಳೆ. ಹದಿನೈದು ದಿನ ಹುಡುಗಿ ಅಜ್ಜಿಯ ಸೆರಗು ಬಿಡಲಿಲ್ಲ. ತಿರುಗಿ ಬಂದವಳಿಗೆ ಒಂದು ಹೊಸ ಚಟ ಅಂಟಿತ್ತು: ಖಾಲಿ ಕೊಡ ಕಂಡರೆ ಸಾಕು, ಅದರೊಳಗೆ ಮುಖ ಇಟ್ಟು "ಹೂಂ... ಹೂಂ..." ಎನ್ನುವುದು. ಮನೆಯೆಲ್ಲ ಗುಂಯ್ಗುಡುತ್ತಿತ್ತು. "ಏನ ಗಾಳಿ ಗೀಳಿ ಸ್ವಾಕೇದೇನ ಹುಡುಗಿಗೆ?" ಎಂದು ನೆರೆಯವಳು ಬಂದು ಕೇಳಿದಾಗ ರೂಪಾಲಿ ಕೊಡಗಳನ್ನೆಲ್ಲ ಬೋರಲು ಹಾಕಿದಳು.

ಆ ವಾರವೇ ಪುಸ್ತಕದಲ್ಲಿ ಮಗಳು ಕೇಳದೆ ಹೊಲಿದು ಸೇರಿಸಿದ ಹೊಸ ಹಾಳೆಯೊಂದು ಕಂಡಿತು. ಚೌಕಟ್ಟು ದಾಟಿ, ಹಾಳೆ ಸಾಲದಂತೆ ಒಂದು ಆಕಾರ. ಪಕ್ಕದಲ್ಲಿ ಅಳತೆಗೆಂದು ಒಬ್ಬ ಹೆಂಗಸು. ಅದರ ತಲೆ ಅವಳ ಎದೆಯವರೆಗೆ ಬರುತ್ತಿತ್ತು. ನೆತ್ತಿಯ ಮೇಲೆ ಕರಿ ಟೊಪ್ಪಿಗೆ, ಉದ್ದನೆಯ ಬಿಳಿ ಕುತ್ತಿಗೆ, ಎದೆಗೆ ಅಡ್ಡಲಾಗಿ ಕರಿ ಪಟ್ಟಿ, ಕಂದು ಕಂಬಳಿ ಹೊದ್ದ ಮೈ. ಕಾಲಿಗೆ ಮೂರೇ ಬೆರಳು, ಮೂರೂ ಮುಂದೆ. ಹಿಂದೆ ಏನೂ ಇಲ್ಲ. ಕೆಳಗೆ ಮರಾಠಿ ಲಿಪಿಯಲ್ಲಿ ದಪ್ಪಗೆ ಬರೆದಿತ್ತು: ಎರಿ ಭೂತ.

ಎರಿ ಎಂದರೆ ಕಪ್ಪು ಮಣ್ಣಿನ ಹೊಲ. ಭೂತ ಎಂದರೆ ಭೂತವೇ, ಕನ್ನಡದಲ್ಲೂ ಮರಾಠಿಯಲ್ಲೂ.

"ಇದೇನಿದು?"

"ಎರಿಭೂತ, ಅವ್ವ! ಅಜ್ಜಿ ತೋರಿಸಿದ ಹೊಲದಾಗ ಇದು ನಿಂತಿರ್ತಿತ್ತಂತ. ಮುಂಜಾನೆ ಹೂಂ ಅಂತಿತ್ತಂತ..."

"ಕಾಣದ್ದು ಬರೀಬಾರ್ದು ಅಂತ ಹೇಳೇನಿಲ್ಲ? ಅದರಾಗ ಭೂತ! ಇದು ಇಜ್ಞಾನದ ಬುಕ್ ಅದ. ನಾಳಿ ಪರೀಕ್ಷಾದಾಗ ನೋಡಿದವ್ರು ಏನಂದಾರು? ಇದರ ಕಾಲ ನೋಡು, ಯಾವ ಹಕ್ಕಿಗೆ ಹಿಂಗಿರ್ತದ?"

"ಅದು..." ಎಂದಳು ಶ್ರದ್ಧಾ.

ಅಷ್ಟರಲ್ಲಿ ಕೈ ಹೋಗಿಯೇಬಿಟ್ಟಿತ್ತು. ಚರ್ರೆಂದು ಹಾಳೆ ಹರಿಯಿತು, ಹೊಲಿಗೆಯ ಬಳಿ ಬೆರಳಗಲದ ಚೂರು ಮಾತ್ರ ಉಳಿಯಿತು. ಹರಿದದ್ದು ನೀರು ಕಾಯಿಸುವ ಬಂಬಿನ ಒಲೆಗೆ ಬಿತ್ತು. ಅಷ್ಟಕ್ಕೇ ಬಿಟ್ಟಳೇ? ಕರಜಗಿಗೆ ಫೋನು ಹಚ್ಚಿ, "ಅತ್ತಿ, ಹುಡುಗಿ ತಲ್ಯಾಗ ದೆವ್ವಾ ಭೂತಾ ತುಂಬಬ್ಯಾಡ್ರಿ" ಎಂದೂ ಅಂದಳು. ಆ ಕಡೆ ಬೀರವ್ವ ಫೋನು ಇಟ್ಟುಬಿಟ್ಟಳು.

ಶ್ರದ್ಧಾ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಅಂದಿನಿಂದ ಅವಳು ತಾಯಿಯ ಜತೆ ಮಾತು ನಿಲ್ಲಿಸಿದಳು. ಎರಡು ದಿನ ಸಿಟ್ಟೆಂದುಕೊಂಡಳು ರೂಪಾಲಿ. ವಾರ ಕಳೆಯಿತು, ತಿಂಗಳು ಕಳೆಯಿತು. ಅಪ್ಪ ಕೇಳಿದರೆ ತಲೆ ಆಡಿಸುತ್ತಿದ್ದಳು, ತಾಯಿ ಕೇಳಿದರೆ ಅದೂ ಇಲ್ಲ. ಹೇಳಿದ ಪುಟ ಬರೆಯುತ್ತಿದ್ದಳು, ಬರೆದು ರಬ್ಬರನ್ನು ತಾಯಿಯ ಮುಂದೆ ತಳ್ಳಿ ಎದ್ದುಹೋಗುತ್ತಿದ್ದಳು. ಹೊರಗಿನವರು ಮುಚ್ಚಿಸಿದ್ದ ಬಾಯಿಯನ್ನು ಈಗ ಮನೆಯವಳೇ ಮುಚ್ಚಿಸಿದ್ದಳು. ಅದು ತಿಳಿದಾಗ ರೂಪಾಲಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ತೊಳೆದ ಪಾತ್ರೆಯನ್ನೇ ತೊಳೆದಳು, ಡಬ್ಬಿಗಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಜೋಡಿಸಿದಳು. ಕೈಲಾಸ ಸಿದ್ಧರಾಮನಿಗೆ ಫೋನು ಮಾಡಿ ಸೀಟು ಹಾಗೇ ಇದೆಯೇ ಎಂದು ಕೇಳಿದ್ದು ಅವಳ ಕಿವಿಗೆ ಬಿತ್ತು.

ಕೊನೆಯ ಪುಟವನ್ನಾದರೂ ತುಂಬಿದರೆ ಹುಡುಗಿಯ ಮನಸ್ಸು ಹಗುರಾದೀತೆಂದು ಅವಳನ್ನು ಕರೆದುಕೊಂಡು ನಾನ್ನಜಕ್ಕೆ ಹೋದಳು. ಒಂದಲ್ಲ, ಮೂರು ಸಲ. ಕೃಷ್ಣಮೃಗ ಕಂಡವು, ತೋಳದ ಲದ್ದಿ ಕಂಡಿತು, ಹಕ್ಕಿ ಕಾಣಲಿಲ್ಲ. ಮೂರನೆಯ ಸಲ ಶ್ರದ್ಧಾ ಕಾವಲು ಗೋಪುರದ ಮೇಲೆ ದುರ್ಬೀನು ಹಿಡಿದು ಕೂತಿದ್ದಳು, ರೂಪಾಲಿ ಕೆಳಗೆ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿದ್ದಳು. ಕಾವಲುಗಾರ ಸಾತಲಿಂಗಪ್ಪ ಮಂಗಳವೇಢೆ ತಾಲೂಕಿನ ನಂದೇಶ್ವರದವನು, ಕನ್ನಡ ಕೇಳಿ ಹತ್ತಿರ ಬಂದ.

"ಕೂಡ್ರಿ ಬಾಯಿ, ನೀವು ಹಿಂಗ ಅಡ್ಡಾಡಿದ್ರ ಇದ್ದ ಹಕ್ಕಿನೂ ಹಾರಿ ಹೋಗ್ತದ. ಮೊದಲ ಅದಕ್ಕ ಅಂಜಿಕಿ ಭಾಳ. ನಿಮ್ಮ ಕಡಿ ಹಿರ್ಯಾರು ಇದನ್ನ ಎರಿಭೂತ ಅಂತಿದ್ರಲ್ಲ, ಕೇಳಿರೇನು?"

ರೂಪಾಲಿ ನಿಂತಳು. ಕೈಯೂ ನಿಂತಿತು. "ಏನಂದ್ರಿ?"

"ಎರಿಭೂತ. ಎರಿ ಹೊಲದಾಗ ದೂರ ನೆಟ್ಟಗ ನಿಂತಿರ್ತದ, ಬಿಸಲಿನ ಝಳದಾಗ ಮನಶ್ಯಾ ನಿಂತಂಗ ಕಾಣ್ತದ. ಅದಕ್ಕ ಆ ಹೆಸರು. ನೋಡ್ರಿ ಇಲ್ಲೆ." ಅವನು ಫಲಕದ ಮೇಲಿನ ಚಿತ್ರ ತೋರಿಸಿದ. ನೆತ್ತಿಯ ಮೇಲೆ ಕರಿ ಟೊಪ್ಪಿಗೆ. ಬಿಳಿ ಕುತ್ತಿಗೆ. ಎದೆಗೆ ಕರಿ ಪಟ್ಟಿ. ಪಕ್ಕದಲ್ಲಿ ಅದರ ಹೆಜ್ಜೆಯ ಗುರುತು.

"ಹಿಂದಿನ ಬೆರಳೆಲ್ಲಿ?" ಎಂದಳು ರೂಪಾಲಿ.

"ಇಲ್ರಿ. ಇದಕ್ಕ ಮೂರೇ. ನೆಲದ ಮ್ಯಾಗ ಅಡ್ಡಾಡೂ ಹಕ್ಕಿ, ಟೊಂಗಿ ಹಿಡಿಯೂದೈತೇನು ಇದಕ್ಕ?"

ಯಾವ ಪುಟಕ್ಕಾಗಿ ಮೂರು ಸಲ ನಾನ್ನಜಕ್ಕೆ ಅಲೆದಳೋ ಆ ಪುಟವನ್ನು ಮಗಳು ಆಗಲೇ ಬರೆದು ಕೊಟ್ಟಿದ್ದಳು, ತಾಯಿಗಿಂತ ಸರಿಯಾಗಿ, ನಿಯಮಕ್ಕಿಂತ ಸರಿಯಾಗಿ. ಅದನ್ನು ಇವಳು ಒಲೆಗೆ ಹಾಕಿ ಆ ನೀರಿನಲ್ಲಿ ಸ್ನಾನ ಮಾಡಿದ್ದಳು. ಹಲ್ಲಿ ಕಂಡು ಹಲ್ಲಿ ಎಂದ ಹುಡುಗಿಯನ್ನು ನಗೆಗೀಡು ಮಾಡಿದ ಬಾಯಿಯವರನ್ನು ಎಷ್ಟು ಬೈದಿದ್ದಳು! ಆ ಬಾಯಿಗೆ ಪಾಪ ಕನ್ನಡ ಬರುತ್ತಿರಲಿಲ್ಲ. ಇವಳಿಗೆ ಬರುತ್ತಿತ್ತು. ನಾಚಿಕೆಯಿಂದ ಅವಳ ಮೈ ಹಿಡಿಯಾಯಿತು.

ಬಸ್ಸಿನಲ್ಲೇ ಮಗಳಿಗೆ ಹೇಳಿದಳು. "ಶ್ರದ್ಧಾ, ತಪ್ಪಾತು. ನಿನ್ನ ಎರಿಭೂತನ ಮಾಳಢೋಕ, ನಿಂದು ಖರೇ ಇತ್ತು. ನಾನ ಖೋಡಿ." ಹುಡುಗಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಮನೆಗೆ ಬಂದು ಹೊಸ ಹಾಳೆ, ಹೊಸ ಬಣ್ಣದ ಪೆನ್ಸಿಲು ಮುಂದಿಟ್ಟಳು. ಹಾಳೆ ಮೂರು ದಿನ ಹಾಗೇ ಬಿದ್ದಿತ್ತು. ನಾಲ್ಕನೆಯ ದಿನ ರೂಪಾಲಿ ಕರಜಗಿಯ ಬಸ್ಸು ಹತ್ತಿದಳು.

ಬೀರವ್ವ ಕೊಟ್ಟಿಗೆಯ ಬಾಗಿಲಲ್ಲಿ ಕುರಿಮರಿಗೆ ಹಾಲು ಕುಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಬಾರವ್ವ ಮಾಸ್ತರಬಾಯಿ. ಭೂತದ ಮನಿಗೆ ಹ್ಯಾಂಗ ಬಂದಿ?"

"ಅತ್ತಿ, ಹಕ್ಕಿ ಅಂತ ಒಂದ ಮಾತು ಹೇಳಿದ್ರ ಏನಾಗ್ತಿತ್ತು?"

"ಅಯ್ಯ! ಆಕಳಕ್ಕ ಆಕಳ ಅಂತೀವಿ. ಆಕಳ ಅಂಬೂ ದನ ಅಂತೀವೇನು? ಎರಿಭೂತಂದ್ರ ಹಕ್ಕಿ ಅಂತ ಕುರಿಮರಿಗೂ ಗೊತ್ತಿತ್ತು ಆಗ." ಆಮೇಲೆ ಅವಳ ಸಿಟ್ಟು ಇಳಿಯಿತು. ಎದ್ದು ಒಳಗಿನಿಂದ ಖಾಲಿ ಕೊಡ ತಂದಳು, ಹಲ್ಲಿಲ್ಲದ ಬಾಯಿಯನ್ನು ಅದರ ಕಂಠಕ್ಕಿಟ್ಟು "ಹೂಂ..." ಎಂದಳು. ಕುರಿಗಳೆಲ್ಲ ಕಿವಿ ನಿಮಿರಿಸಿದವು. "ಮಳಿ ಚಾಲೂ ಆತಂದ್ರ ಗಂಡು ಹಿಂಗ ಕರೀತಿತ್ತು. ಒಂದ ಹರದಾರಿ ಕೇಳ್ತಿತ್ತು. ನಲವತ್ತ ವರ್ಸಾತು ಕೇಳಿ. ನಿನ್ನ ಮಗಳಿಗಿ ಕೊಟ್ಟಿದ್ದೆ, ನಾ ಹೋದ ಮ್ಯಾಲೂ ಇರಲಿ ಅಂತ."

ರೂಪಾಲಿಗೆ ಅಳು ಬಂತು. "ಆಕಿ ನನ್ನ ಸಂಗಟ ಮಾತಾಡವಲ್ಲಳು ಅತ್ತಿ. ನೀವಾರ ಬಂದು ಹೇಳ್ರಿ."

"ನನಗ್ಯಾಕ ಹೇಳ್ತಿ? ಹರದದ್ದು ನನ್ನ ಹಾಳಿ ಅಲ್ಲ" ಎಂದಳು ಬೀರವ್ವ. ಹೊರಡುವಾಗ ಮಾತ್ರ ಮಗುವಿಗೆಂದು ಒಂದು ಹಿಡಿ ಹುರಿಗಡಲೆ ಕಟ್ಟಿಕೊಟ್ಟಳು.

ಪರೀಕ್ಷೆಯ ದಿನ ಬಂದೇಬಿಟ್ಟಿತು. ಸೋಲಾಪುರದ ಕೇಂದ್ರದ ಒಂದು ಕೋಣೆ, ಮೇಜು, ಮೇಜಿನಾಚೆ ಪರೀಕ್ಷಕಿ ಮುಕ್ತಾಬಾಯಿ, ನಿವೃತ್ತ ಮುಖ್ಯಾಧ್ಯಾಪಕಿ. ಮೂಲೆಯ ತ್ರಿಪಾದಿಯ ಮೇಲೆ ಬೇಸಗೆಗೆಂದು ಅಂದೇ ತಂದು ಇನ್ನೂ ನೀರು ತುಂಬದ ಹೊಸ ಮಣ್ಣಿನ ಗಡಿಗೆ. ಪಾಲಕರು ಗೋಡೆಯ ಬಳಿ ಕೂರಬಹುದು, ತುಟಿ ಬಿಚ್ಚಕೂಡದು. ರೂಪಾಲಿ ಸೆರಗಿನ ದಾರ ಎಳೆದು ಎಳೆದು ಗೇಣುದ್ದ ಬಿಚ್ಚಿದಳು.

ಮುಕ್ತಾಬಾಯಿ ಪುಟ ತಿರುವಿದರು. ಇರುವೆ ಸಾಲು, "ಹೇ ಕಾಯ್?" ಇದೇನು? ಉತ್ತರವಿಲ್ಲ. ಜಾಲಿ ಟೊಂಗೆ. ಉತ್ತರವಿಲ್ಲ. ನೆಟ್ಟಗಿನ ಬಾಲದ ಗುಬ್ಬಿ. ಶ್ರದ್ಧಾ ಅದನ್ನು ನೋಡಲೂ ಇಲ್ಲ. ಹೊರಗೆ ಸಿಪಾಯಿ ಮುಂದಿನ ಮಗುವಿನ ಹೆಸರು ಕೂಗಿದ. ಕೊನೆಗೆ ಬಂದದ್ದು ಮಾಳಢೋಕದ ಖಾಲಿ ಚೌಕಟ್ಟು, ಅದರ ಪಕ್ಕಕ್ಕೆ ಹೊಲಿಗೆಯಲ್ಲಿ ಸಿಕ್ಕಿಕೊಂಡ ಹರಿದ ಚೂರು. ಮುಕ್ತಾಬಾಯಿ ಆ ಚೂರನ್ನು ಬೆರಳಿನಿಂದ ಎತ್ತಿದರು. ಇಲ್ಲಿ ಏನಿತ್ತು ಎಂದು ಕೇಳಿದರು.

ರೂಪಾಲಿ ಎದ್ದು ನಿಂತದ್ದು ಅವಳಿಗೇ ಗೊತ್ತಾಗಲಿಲ್ಲ. ನಾನೇ ಹರಿದದ್ದು ಎಂದು ಹೇಳಬೇಕೆಂದು ಬಾಯಿ ತೆರೆದಳು. ಪರೀಕ್ಷಕಿ ಕೈ ಎತ್ತಿ ಕೂರಿಸಿದರು.

ಆಗ ಶ್ರದ್ಧಾ ಕುರ್ಚಿಯಿಂದ ಇಳಿದಳು. ಬಾಗಿಲ ಕಡೆ ಹೋಗುತ್ತಾಳೆಂದು ತಾಯಿಯ ಜೀವ ಬಾಯಿಗೆ ಬಂತು. ಹುಡುಗಿ ಮೂಲೆಗೆ ಹೋದಳು, ಗಡಿಗೆಯ ಮುಚ್ಚಳ ತೆಗೆದಳು, ಒಳಗೆ ಮುಖವಿಟ್ಟಳು.

"ಹೂಂ..."

ಕೋಣೆ ಗುಂಯ್ಗುಟ್ಟಿತು. ಸಿಪಾಯಿ ಏನಾಯಿತೋ ಎಂದು ಓಡಿ ಬಂದ. ಮುಕ್ತಾಬಾಯಿಯ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಶ್ರದ್ಧಾ ತಲೆ ಎತ್ತಿದಳು, ಮುಖಕ್ಕೆಲ್ಲ ಕೆಮ್ಮಣ್ಣಿನ ಪುಡಿ.

"ಎರಿಭೂತ" ಎಂದಳು. ಪರೀಕ್ಷಕಿಗೆ ತಿಳಿಯದೇ ಹೋದೀತೆಂದು, "ಮಾಳಢೋಕ" ಎಂದೂ ಸೇರಿಸಿದಳು. "ಅಜ್ಜಿ ನೋಡ್ಯಾಳ. ಕಾಲಿಗಿ ಮೂರೇ ಬೆರಳು."

ಮುಕ್ತಾಬಾಯಿ ಕನ್ನಡಕ ಮೇಲೇರಿಸಿದರು. ಸೋಲಾಪುರದಲ್ಲಿ ಎಪ್ಪತ್ತು ವರ್ಷ ಕಳೆದವರಿಗೆ ಇಷ್ಟು ಕನ್ನಡ ತಿಳಿಯದೇ? ಚಿತ್ರ ಎಲ್ಲಿ ಎಂದು ಕೇಳಿದರು.

ಹುಡುಗಿ ಗೋಡೆಯ ಬಳಿ ಕೂತವಳ ಕಡೆ ಬೆರಳು ಚಾಚಿದಳು. "ಅವ್ವ ಹರದಾಳ" ಎಂದಳು. ಯಾವ ಸಂಶಯವೂ ಉಳಿಯಬಾರದೆಂದು ಮರಾಠಿಯಲ್ಲೂ ಗಟ್ಟಿಯಾಗಿ ಹೇಳಿದಳು: "ಆಈನಂ ಫಾಡಲಂ!"

ಬಾಗಿಲಲ್ಲಿ ಸಿಪಾಯಿ, ಅವನ ಹಿಂದೆ ಸರತಿಯಲ್ಲಿದ್ದ ಹತ್ತು ತಾಯಂದಿರು, ಎಲ್ಲರೂ ರೂಪಾಲಿಯನ್ನು ನೋಡಿದರು. ಎರಡು ಭಾಷೆಯಲ್ಲಿ ಮರ್ಯಾದೆ ಹೋಗಿತ್ತು. ಅವಳು ಮಾತ್ರ ಕಣ್ಣೀರು ಒರೆಸಿಕೊಳ್ಳದೆ ನಗುತ್ತಿದ್ದಳು. ಅಷ್ಟು ಸಂತೋಷ ಅವಳಿಗೆ ಮಗಳು ಹುಟ್ಟಿದ ದಿನವೂ ಆಗಿರಲಿಲ್ಲ.

ಹೊರಗೆ ಬಂದು ಕೈಲಾಸನಿಗೆ ಫೋನು ಹಚ್ಚಿದಳು. ಅವನು ಹಳಿಯ ಮೇಲಿದ್ದ. "ಮಾತಾಡಿದ್ಲಾ?"

"ಮಾತಾಡಿದ್ಲು. ನನ್ನ ಮ್ಯಾಲ ಚಾಡಿ ಹೇಳಿದ್ಲು."

ಆ ಕಡೆ ಸುತ್ತಿಗೆ ಕೆಳಗಿಟ್ಟ ಸದ್ದಾಯಿತು. "ಜೋರಾಗಿ ಹೇಳಿದ್ಲಾ?"

"ಸಿಪಾಯಿ ಓಡಿ ಬರೂ ಹಂಗ."

ಕೈಲಾಸ ಮೂಗು ಸೀಟಿಕೊಂಡ. "ಹಂಗಾರ ಅಣ್ಣಗ ಸೀಟು ಬ್ಯಾಡ ಅಂತ ಹೇಳಿಬಿಡ್ತೀನಿ" ಎಂದ.

ಹೋಟಗಿಯ ಬಸ್ಸಿನಲ್ಲಿ ಶ್ರದ್ಧಾ ಪುಸ್ತಕ ತೊಡೆಯ ಮೇಲಿಟ್ಟು ಖಾಲಿ ಚೌಕಟ್ಟು ತೆರೆದಳು. ಪೆನ್ಸಿಲು ತೆಗೆದಳು. ಬಸ್ಸು ಕುಲುಕಿ ಮೊದಲ ಗೆರೆಯೇ ಸೊಟ್ಟಗಾಯಿತು. ಅವಳು ತಾಯಿಯ ಕಡೆ ತಿರುಗಿ ನೋಡಿದಳು, ನಾಲ್ಕು ತಿಂಗಳ ಮೇಲೆ ಮೊದಲ ಸಲ ಅವಳೊಡನೆ ಮಾತಾಡಿದಳು.

"ಅವ್ವ, ಕೈ ಮುಟ್ಟಬ್ಯಾಡ."

ರೂಪಾಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ ಅವುಗಳ ಮೇಲೆ ಕೂತಳು. ಕಂಡಕ್ಟರ್ ಬಂದು ಟಿಕೆಟ್ ಕೇಳಿದರೂ ತೆಗೆಯಲಿಲ್ಲ, ಗದ್ದದಿಂದ ಚೀಲ ತೋರಿಸಿದಳು. ಹೋಟಗಿ ಬರುವವರೆಗೂ ಹಾಗೆಯೇ ಕೂತಿದ್ದಳು.